ಬೀಗತಿ ಸಾಲಿ, ನಮ್ಮ ಸಾಲಿ

ನಮ್ಮ ಬೀಗತಿಯ ಎರಡೂ ಕೈ ಮೊಣಕೈ ತನಕ ಸೋರೆಕಾಯಿ ಹಂಗ ನುಣ್ಣಗಿದ್ದವು. ಒಂದೂ ಕೂದಲಿರಲಿಲ್ಲ. ಸಾಲಿ ಬಿಸಿಯೂಟದ ದೊಡ್ಡ ಒಲಿಯ ಉರಿಗೆ ಎಲ್ಲಾ ಸುಟ್ಟುಹೋಗಿದ್ದವು. ನಾನೂ ಸಾಲ್ಯಾಗ ಅಡಗಿ ಮಾಡಾಕಿನೇ, ನನ್ನ ಕೈಯೂ ಸುಟ್ಟಾವ. ಆದರ ಅಕಿ ಕೈ ನೋಡಿದವರು "ಎಷ್ಟು ದುಡದಾಳ ಪಾಪ" ಅಂತಿದ್ದರು. ನನ್ನ ಕೈ ನೋಡಿ ಯಾರೂ ಏನೂ ಅನ್ನಲಿಲ್ಲ.

ಅಕಿ ನನ್ನ ಮಗಳ ಅತ್ತಿ. ಅಕಿ ಸಾಲಿ ಬಸವಕಲ್ಯಾಣ ತಾಲೂಕಿನಾಗ, ರಾಜೇಶ್ವರದಾಗ ಬಸ್ ಇಳಿದು ನಡೀಬೇಕು. ನಂದು ಹುಮನಾಬಾದ ತಾಲೂಕಿನಾಗ, ದುಬಲಗುಂಡಿ ದಾಟಿ. ಎರಡೂ ಸರಕಾರಿ ಸಾಲಿ, ಐದನೇ ಇಯತ್ತೆ ತನಕ. ಅಕ್ಕಿ ಬ್ಯಾಳಿ ಎಲ್ಲಾ ಒಂದೇ. ಆದರ ನಾನು ಏನೇ ಹೇಳಲಿ, ಅಕಿ ಜವಾಬು ಒಂದೇ.

"ನಮ್ಮ ಸಾಲಿ ಮಾಳಗಿ ಸೋರಾಕತ್ತದ್ರಿ" ಅಂದರ, "ನಮ್ಮ ಸಾಲ್ಯಾಗ ಹಂಗಿಲ್ರಿ ಬೀಗತಿ." "ನಮ್ಮ ಮಾಸ್ತರ ಒಬ್ಬರೇ, ವಾರದಾಗ ಎರಡು ದಿನ ಮೀಟಿಂಗಿಗಿ ಹೋಗ್ತಾರ" ಅಂದರ, "ನಮ್ಮ ಸಾಲ್ಯಾಗ ಹಂಗಿಲ್ರಿ, ಮೂವರು ಅದಾರ." ಮೈ ಉರೀತಿತ್ತು.

ಖರೇನೋ ಸುಳ್ಳೋ ನೋಡೇಬಿಡೋಣ ಅಂತ ಒಮ್ಮೆ ಹೋದೆ. ಕಂಪೌಂಡು ಇತ್ತು, ನಳಾ ಇತ್ತು, ಗೋಡಿ ಮ್ಯಾಲ ಬಣ್ಣದ ಚಿತ್ರ ಇತ್ತು. ಸುಳ್ಳಾಗಿದ್ದರ ಚಲೋ ಇತ್ತು. ಊಟದ ಹೊತ್ತಿಗೆ ಅಕಿ ಸೌಟು ಹಿಡಕೊಂಡು ನಿಂತಳು. ತಾಟು ಹಿಡಿದು ಬಂದ ಸಣ್ಣ ಹುಡುಗರಿಗೆಲ್ಲಾ ಗೋಡಿ ಮ್ಯಾಲಿನ ಊಟದ ಪಟ್ಟಿ ತೋರಿಸಿ, "ಇವತ್ತು ಏನು ಬರದಾರ, ಓದವ್ವಾ" ಅಂತಿದ್ದಳು. ಓದಾಕ ಬರದಿದ್ದರೂ ಅನ್ನ ಹಾಕ್ತಿದ್ದಳು, ಹಿಂದ ನಿಂತವರ ಕಡಿಂದ ಹೇಳಿಸ್ತಿದ್ದಳು.

"ಇದು ಮಾಸ್ತರ ಕೆಲಸರಿ. ನೀವ್ಯಾಕ ಉಸಾಬರಿ ಮಾಡ್ತೀರಿ?" ಅಂದೆ.

"ನಂಗ ಓದಾಕ ಬರಲ್ರಿ. ಅದಕ್ಕ ಕೇಳ್ತೀನಿ."

"ಅಡಗಿ ನೀವೇ ಮಾಡೀರಿ. ಏನದ ಅಂತ ಗೊತ್ತಿಲ್ಲೇನು?"

"ಹುಡುಗರಿಗಿ ಹೇಳಬ್ಯಾಡ್ರಿ ಮತ್ತ" ಅಂತ ನಕ್ಕಳು.

ನಾನು ಮೂರನೇ ಇಯತ್ತೆ ಕಲಿತಾಕಿ. ಅಕಿ ಹೆಬ್ಬೆಟ್ಟು. ಇದು ನನಗ್ಯಾಕ ಹೊಳೀಲಿಲ್ಲ ಅಂತ ಹೊಟ್ಟಿ ಕಿಚ್ಚಾಯಿತು. ನಮ್ಮೂರಿಗೆ ಬಂದು "ಅಕಿ ಸಾರು ಬರೇ ನೀರು" ಅಂತ ಹೇಳಿದೆ. ಗಟ್ಟಿನೇ ಇತ್ತು.

ಮರುವರ್ಷ ಮಗಳು ಎರಡನೇ ಹೆರಿಗೆಗೆ ಬಂದಳು. ಕಾಲು ಬಾತಾವ ಅಂತ ಐದನೇ ತಿಂಗಳಿಗೇ ಬಂದಳು. ಅಕಿ ಜೋಡಿ ಮೊಮ್ಮಗಳೂ ಬಂದಳು, ಎರಡನೇ ಇಯತ್ತೆ. ಹೆರಿಗೆ ಆಗೋ ತನಕ ಪೋರಿ ನಮ್ಮ ಸಾಲಿಗೇ ಬರಲಿ ಅಂದೆ. ಒಳಗಿನ ಆಸಿ ಬ್ಯಾರೆ ಇತ್ತು. ಪೋರಿಗೆ ಇಲ್ಲೇ ರೂಢಿ ಆಗಲಿ, ಇಲ್ಲೇ ಕಲೀಲಿ, ನಮ್ಮ ಸಾಲಿ ಏನು ಕಮ್ಮಿ ಅಂತ ಅಕಿಗೆ ತೋರಿಸಬೇಕು.

ಮಾಸ್ತರ ಇಲ್ಲದ ದಿನ ಪೋರಿ ನನ್ನ ಅಡಗಿಮನಿಗೆ ಬರ್ತಿದ್ದಳು. ಬೆಳ್ಳುಳ್ಳಿ ಸುಲೀತಿದ್ದಳು, ಬ್ಯಾಳ್ಯಾಗಿನ ಹಳ್ಳು ಆರಿಸ್ತಿದ್ದಳು. ಆಮ್ಯಾಲ ಮಾಸ್ತರ ಇದ್ದ ದಿನವೂ ಬರಾಕತ್ತಳು. ನಾನು ಹೋಗು ಅನ್ನಲಿಲ್ಲ. ಮಗ್ಗಲಿಗೆ ಕೂತು ವಟವಟ ಮಾತಾಡೋದು ನನಗ ಹಿತ ಆಗಿತ್ತು.

ಕೂಸಿನ ತೊಟ್ಟಿಲಿಗೆ ಬೀಗತಿ ಬಂದಳು. ತಂದ ಸಕ್ಕರಿ ಡಬ್ಬಿಗೆ ಸುರುವಿ, ಅದನ್ನು ಸುತ್ತಿದ್ದ ಪೇಪರ ಮೊಮ್ಮಗಳ ಕೈಗೆ ಕೊಟ್ಟು, "ಏನದ ಓದವ್ವಾ ಆಯಿಗಿ" ಅಂದಳು. ಪೋರಿ ದೊಡ್ಡ ಅಕ್ಷರ ಎರಡು ಓದಿ ನಿಂತುಬಿಟ್ಟಳು. ನಮ್ಮ ಸಾಲಿಗೆ ಬರೋ ಮೊದಲು, ಯುಗಾದಿಗೆ, ಇದೇ ಪೋರಿ ಬಸ್ಸಿನ ಬೋರ್ಡ್ ಓದಿ ಹೇಳಿದ್ದಳು. ಬೀಗತಿ ಪೋರಿ ಬೆರಳು ಹಿಡಿದು ಮೂಸಿದಳು.

"ಈ ಕೈ ಬೆಳ್ಳುಳ್ಳಿ ನಾರಾಕತ್ತದ್ರಿ ಬೀಗತಿ. ಪೋರಿ ಸಾಲಿಗಿ ಹೋಗ್ಯಾಳೊ, ಅಡಗಿಮನಿಗೊ?"

ಕೂತಿದ್ದ ಹೆಣ್ಣುಮಕ್ಕಳೆಲ್ಲಾ ಕೇಳಿದರು. "ನಿಮ್ಮ ಸಾಲ್ಯಾಗ ಹಂಗಿಲ್ಲ, ಗೊತ್ತದ ಬಿಡ್ರಿ" ಅಂದೆ.

ಅಕಿ ನಗಲಿಲ್ಲ. "ಮಾಳಗಿ ಸೋರೋದು ನಿಮ್ಮ ಕೈಯಾಗಿಲ್ಲ. ಇದು ನಿಮ್ಮ ಕೈಯಾಗಿತ್ತು."

ಮರುದಿನ ಬಾಣಂತಿನ್ನ ನನ್ನ ಹತ್ತರ ಬಿಟ್ಟು, ಪೋರಿನ್ನ ಕರಕೊಂಡು ಹೋದಳು. ವರ್ಷ ತನಕ ನಾನು ಅಕಿ ಜೋಡಿ ಮಾತಾಡಲಿಲ್ಲ. ಆದರ ಅವತ್ತಿನಿಂದ ಪಾಠದ ಹೊತ್ತಿಗೆ ಯಾವ ಹುಡುಗಿ ಅಡಗಿಮನಿ ಹೊಸ್ತಿಲಿಗೆ ಬಂದರೂ ಬೈದು ಓಡಿಸ್ತೀನಿ.

ಹೋದ ವರ್ಷ ಬೀಗತಿ ಕಾಮಣಿ ಆಗಿ, ಮೈ ಕಣ್ಣು ಹಳದಿ ಆಗಿ ಸತ್ತಳು. ಮಣ್ಣಿಗೆ ಹೋದೆ. ಸಾಲಿ ಹುಡುಗರೆಲ್ಲಾ ಅಂಗಳದಾಗ ನಿಂತಿದ್ದರು, ಮಾಸ್ತರರು ಮೂವರೂ ಬಂದಿದ್ದರು. ನಾನು ಸತ್ತರ ಇಷ್ಟು ಮಂದಿ ಬರೂದಿಲ್ಲ ಅಂತ ಅಲ್ಲೂ ಅನಿಸಿತು, ಸುಳ್ಳು ಯಾಕ ಹೇಳಲಿ.

ಮೂರನೇ ದಿನ ಅಳಿಯ ಅಂದ, "ಅತ್ತಿ, ನಾವಿಬ್ಬರೂ ಕೂಲಿಗಿ ಹೋಗೋರು. ಸಣ್ಣದನ್ನ ಜೋಡಿ ಕರಕೊಂಡು ಹೋಗ್ತೀವಿ. ದೊಡ್ಡಾಕಿನ್ನ ನೋಡಾಕ ಅವ್ವ ಇದ್ದಳು. ನೀವೇ ಕರಕೊಂಡು ಹೋಗ್ರಿ, ನಿಮ್ಮ ಸಾಲಿಗೇ ಹಾಕ್ರಿ."

ನಾನು ಕೇಳಬೇಕು ಅಂತ ಕಾದಿದ್ದ ಮಾತು ಅದೇ. ನಾಲ್ಕನೇ ಇಯತ್ತೆ ಪೋರಿ ಬಾಗಿಲಿಗೆ ಆತು ನನ್ನ ಮಾರಿ ನೋಡಾಕತ್ತಿದ್ದಳು.

"ಬ್ಯಾಡ" ಅಂದೆ. "ಬೀಗತಿ ಸಾಲಿ ಚಲೋ ಅದ. ಇಲ್ಲೇ ಇರಲಿ. ನೀವು ಬರೋ ತನಕ ಮಗ್ಗಲ ಮನಿಯಾಗ ಕೂಡತಾಳ."

ಆ ಮಾತು ನಾನು ಬಾಯಿ ಬಿಟ್ಟು ಹೇಳಿದ್ದು ಅವತ್ತೇ ಮೊದಲು. ಕೇಳಾಕ ಅಕಿ ಇರಲಿಲ್ಲ. ಇದ್ದಿದ್ದರ ನಾನು ಹೇಳ್ತಿದ್ದಿಲ್ಲ.