ಗಾಜಿನ ಹಿಂದಿನ ಬಿಸಿಲು

ನನ್ನ ಭಾವ ಫೋಟೋ ಸ್ಟುಡಿಯೋದವರು. ಬದುಕಿನ ಮುಕ್ಕಾಲು ಪಾಲನ್ನು ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯಲ್ಲೇ ಕಳೆದವರು. ಫಿಲ್ಮಿನ ಕಾಲ ಮುಗಿದ ಮೇಲೂ ಹೊರಗೆ ಬರಲಿಲ್ಲ. ಕಂಪ್ಯೂಟರನ್ನೇ ಆ ಕೋಣೆಗೆ ಎಳೆದುಕೊಂಡರು. ಕೋಪವಂತೂ ಸದಾ ಮೂಗಿನ ತುದಿಯಲ್ಲೇ.

ಹೋದ ವರ್ಷ ಶಾಲೆಯ ಗುಂಪು ಫೋಟೋ ತೆಗೆಯಲು ಎತ್ತರದ ಸ್ಟೂಲಿನ ಮೇಲೆ ಒಂದು ಕಾಲಿಟ್ಟವರು ಇನ್ನೊಂದನ್ನು ಎತ್ತಲಾಗದೆ ನಿಂತುಬಿಟ್ಟರು. ಮೇಲಿಂದ ತೆಗೆಯದಿದ್ದರೆ ಹಿಂದಿನ ಸಾಲಿನ ಮುಖಗಳು ಕಾಣುವುದಿಲ್ಲ.

"ಸ್ಟೂಲ್ ಸರಿಯಿಲ್ಲ ಕಣೋ," ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ಸಹಾಯಕ್ಕೆಂದು ಹೋಗಿದ್ದ ನಾನೇ ಹತ್ತಿ ತೆಗೆದೆ. ಅರ್ಧ ಮಕ್ಕಳಿಗೆ ತಲೆಯೇ ಬರಲಿಲ್ಲ. ಮುಂದಿನ ವರ್ಷವೂ ಹೀಗಾದರೆ ಬೇರೆಯವರನ್ನು ಕರೆಸುತ್ತೇವೆ ಎಂದು ಹೆಡ್‌ಮಾಸ್ಟರು ಮೆತ್ತಗೆ ಹೇಳಿದರು. ಅವತ್ತು ಭಾವ ಊಟ ಮಾಡಲಿಲ್ಲ.

ಅಕ್ಕ ಅವರನ್ನು ಡಾಕ್ಟರಮ್ಮನ ಹತ್ತಿರ ಎಳೆದೊಯ್ದಳು. ಜೊತೆಗೆ ನಾನೂ ಹೋದೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ತಳ ಕಂಡಿತ್ತು. ಗಂಡಸರ ಹಾರ್ಮೋನೂ ಕಡಿಮೆ.

"ಹಾರ್ಮೋನಿನ ವಿಷಯ ನಿಮ್ಮಕ್ಕಂಗೆ ಹೇಳ್ಬೇಡ," ಎಂದು ಭಾವ ನನ್ನ ಕಿವಿಯಲ್ಲಿ ಉಸುರಿದರು.

ಅಕ್ಕ ಪಕ್ಕದಲ್ಲೇ ಇದ್ದಳು. "ಯಾರೂ ಹೇಳ್ಬೇಕಾಗಿಲ್ಲ. ಜಗಳದಲ್ಲಿ ನೀವು ಸೋಲೋಕೆ ಶುರುಮಾಡ್ದಾಗ್ಲೇ ಗೊತ್ತಾಯ್ತು!"

ಡಾಕ್ಟರಮ್ಮ ನಗು ನುಂಗಿಕೊಂಡರು. "ವಯಸ್ಸಾದ್ಮೇಲೆ ಅದು ಇಳಿಯುತ್ತೆ. ಸದ್ಯಕ್ಕೆ ಅದಕ್ಕೇನೂ ಇಂಜೆಕ್ಷನ್ ಬೇಡ. ವಿಟಮಿನ್ ಮಾತ್ರೆ ತಗೊಳ್ಳಿ, ಸ್ವಲ್ಪ ಬಿಸಿಲು ಕಾಯಿಸ್ಕೊಳ್ಳಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂತು ಮಾಡಿ, ಕಾಲಿಗೆ ಬಲ ಬರಲಿ."

ಬಿಸಿಲಿರುವಾಗ ಮಾತ್ರೆಯೇಕೆ ಎಂದು ಭಾವ ಹಟ ಹಿಡಿದರು. ದಿನವೂ ಸ್ಟುಡಿಯೋದ ಶೋಕೇಸಿನಲ್ಲಿ, ಮದುಮಕ್ಕಳ ಫೋಟೋಗಳ ನಡುವೆ, ಬನಿಯನ್ ತೊಟ್ಟು ಕೂತರು. ದಾರಿಹೋಕರಿಗೆ ಬಿಟ್ಟಿ ಮನರಂಜನೆ. ಕೆಲವು ತಿಂಗಳಾದ ಮೇಲೆ ಮತ್ತೆ ರಕ್ತ ಕೊಟ್ಟರು. ವಿಟಮಿನ್ ಇದ್ದಲ್ಲೇ ಇತ್ತು.

"ಲ್ಯಾಬ್‌ನೋರದ್ದೇ ತಪ್ಪು!" ಎಂದು ಭಾವ ಗುಡುಗಿದರು.

"ಬಿಸಿಲಿಗೆ ಎಲ್ಲಿ ಕೂತ್ಕೋತೀರಿ?" ಎಂದು ಡಾಕ್ಟರಮ್ಮ ಕೇಳಿದರು.

"ನಮ್ಮ ಅಂಗಡಿ ಗಾಜಿನ ಹಿಂದೆ."

"ಅಯ್ಯೋ, ವಿಟಮಿನ್ ಮಾಡೋ ಕಿರಣಾನ ಗಾಜು ತಡೆದುಬಿಡುತ್ತೆ."

"ಜೀವಮಾನವೆಲ್ಲ ಗಾಜಿನೊಳಗಿಂದ ಬಂದ ಬೆಳಕನ್ನೇ ನಂಬಿದೋನು ನಾನು!" ಎಂದ ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಅಂದಿನಿಂದ ಮಾತ್ರೆ ನುಂಗಿದರು, ತಾರಸಿಯಲ್ಲಿ ಕೂತರು. ಅಕ್ಕ ಎದುರಿಗೆ ನಿಂತು ಕುರ್ಚಿಯಿಂದ ಏಳಿಸಿದಳು, ಕೂರಿಸಿದಳು, ಬೈದಳು, ಮತ್ತೆ ಏಳಿಸಿದಳು.

ಈ ವರ್ಷದ ಫೋಟೋ ದಿನ ಶಾಲೆಯ ಅಂಗಳದಲ್ಲಿ ನಾನು ಸ್ಟೂಲಿನ ಪಕ್ಕ ಉಸಿರು ಬಿಗಿಹಿಡಿದು ನಿಂತಿದ್ದೆ. ಭಾವ ಒಂದು ಕಾಲಿಟ್ಟರು. ಒಂದು ಗಳಿಗೆ ತಡೆದರು. ಇನ್ನೊಂದು ಕಾಲೂ ಮೇಲೇರಿತು. "ಹಿಂದಿನ ಸಾಲು, ಗಲ್ಲ ಮೇಲೆ!" ಎಂದು ಅಬ್ಬರಿಸಿ ಕ್ಲಿಕ್ಕಿಸಿದರು. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು.

ಆಮೇಲೆ ಭಾವ, ಯಾರ ಹಂಗಿಗೂ ಬೀಳದ ಮನುಷ್ಯ, ತಾವಾಗಿಯೇ ನನ್ನ ಕಡೆ ಕೈ ಚಾಚಿದರು.

"ಹತ್ತೋದು ನನ್ನ ಕೆಲಸ. ಇಳಿಸೋದು ನಿಂದು."

ಹಿಡಿದ ಹಿಡಿತಕ್ಕೆ ನನ್ನ ಬೆರಳುಗಳು ನೊಂದವು. ಅಷ್ಟು ಸಂತೋಷವಾಗಿ ನಾನು ಯಾವತ್ತೂ ನೋವು ತಿಂದಿಲ್ಲ.