ಕೈ ಎತ್ತುವ ಮೊದಲೇ ಬಿಟ್ಟ ನೀರು

ಇದನ್ನು ಬರೆಯಬೇಕು ಅಂತ ನಿವೃತ್ತಿಯಾದಾಗಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಸುಗ್ಗಿ ಮುಗಿಯಲಿ ಅಂದೆ, ಕಣ್ಣಿನ ಆಪರೇಷನ್ ಆಗಲಿ ಅಂದೆ, ಮೊಮ್ಮಗಳ ಪರೀಕ್ಷೆ ಮುಗಿಯಲಿ ಅಂದೆ. ಎಲ್ಲವೂ ಮುಗಿದವು. ಇನ್ನು ಹೇಳಿಕೊಳ್ಳಲು ನೆಪ ಉಳಿದಿಲ್ಲ.

ಕೊರೊನಾ ಕಳೆದು ಶಾಲೆಗಳು ಮತ್ತೆ ಪೂರ್ತಿ ನಡೆಯತೊಡಗಿದ ವರ್ಷದ ಮಾತು. ನಾನು ಕಂಪ್ಲಿ ಕಡೆಯ ಒಂದು ಉಪಕಾಲುವೆಯಲ್ಲಿ ಲಸ್ಕರ್ ಆಗಿದ್ದೆ. ಲಸ್ಕರ್ ಅಂದರೆ ಕಾಲುವೆಯ ಗೇಟು ತಿರುಗಿಸುವವನು. ಎಂಜಿನಿಯರ್ ಸಾಹೇಬರು ಇಷ್ಟು ನೀರು ಬಿಡು ಅಂತ ಫೋನ್ ಮಾಡುತ್ತಾರೆ, ನಾವು ಕಬ್ಬಿಣದ ಚಕ್ರ ತಿರುಗಿಸಿ ಗೇಟು ಎತ್ತುತ್ತೇವೆ. ಎಸ್ಸೆಸ್ಸೆಲ್ಸಿ ಪಾಸಾದ ಕೂಡಲೇ ದಿನಗೂಲಿಗೆ ಸೇರಿದವನು, ಆಮೇಲೆ ಕಾಯಂ ಆದೆ. ಗೇಟಿನ ಸಮೀಪದ ಗದ್ದೆಗಳಿಗೆ ನೀರು ಮೊದಲು ಸಿಗುತ್ತದೆ. ಕಾಲುವೆ ಮುಗಿಯುವ ಕಡೆಗೆ ಟೇಲ್ ಎಂಡ್ ಅನ್ನುತ್ತೇವೆ. ಅಲ್ಲಿಯವರಿಗೆ ಮೇಲಿನವರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ನನ್ನ ಗೇಟಿನ ಕೆಳಗೆ, ಎರಡು ಸೇತುವೆಗಳ ನಡುವೆ, ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರ ಗದ್ದೆ ಇತ್ತು. ಅದಕ್ಕೆ ಸರ್ಕಾರ ಕೊಟ್ಟ ತೂಬು ಒಂದಿತ್ತು. ಅದರ ಆಚೆ, ಕಾಲುವೆ ಏರಿಯ ಅಡಿಯಲ್ಲಿ, ಜೊಂಡಿನ ಮರೆಯಲ್ಲಿ ಅವರೇ ಹುಗಿದ ದಪ್ಪ ಪೈಪು ಇನ್ನೊಂದಿತ್ತು. ಕಾಲುವೆ ತುಂಬಿದಾಗ ಅದರ ಬಾಯಿ ನೀರಿನಲ್ಲಿ ಮುಳುಗಿರುತ್ತಿದ್ದುದರಿಂದ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನಗೆ ಗೊತ್ತಿತ್ತು. ಪ್ರತಿ ಸುಗ್ಗಿಗೂ ನನ್ನ ಮನೆ ಬಾಗಿಲಿಗೆ ಒಂದು ಚೀಲ ಸೋನಾ ಮಸೂರಿ ಬಂದು ಕೂರುತ್ತಿತ್ತು. ಯಾಕೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೆಂಡತಿ ಮಾತ್ರ ಮೊದಲ ವರ್ಷ ಕೇಳಿದ್ದಳು.

“ಸಾಹುಕಾರ್ರ ಪ್ರೀತಿ” ಅಂದಿದ್ದೆ.

“ಪ್ರೀತಿ ಭಾಳ ತೂಕ ಐತಲ್ರಿ” ಅಂದವಳು ಚೀಲವನ್ನು ಒಳಗೆ ಎಳೆದುಕೊಂಡಿದ್ದಳು.

ಆ ವರ್ಷ ಪಕ್ಕದ ಊರಿನ ಪ್ರೌಢಶಾಲೆಗೆ ವಿಜ್ಞಾನದ ಟೀಚರ್ ಒಬ್ಬರು ಬಂದಿದ್ದರು. ಸಂಡೂರು ತಾಲ್ಲೂಕಿನ ಬಂಡ್ರಿಯವರು, ಕಮಲಾಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದರು. ಇನ್ನೂ ಚಿಕ್ಕ ವಯಸ್ಸು. ಒಂದು ದಿನ ಒಂಬತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಗೇಟಿನ ಹತ್ತಿರ ಬಂದರು.

“ಅಣ್ಣಾರ, ನಮ್ಮ ಹುಡುಗ್ರು ಜಗತ್ತಿನ ಹಸಿವಿನ ಮ್ಯಾಲೆ ಸಂಶೋಧನೆ ಮಾಡಾಕತ್ತಾರ್ರಿ. ನಿಮ್ಮ ಸಹಾಯ ಬೇಕಿತ್ತು.”

ನನಗೆ ನಗು ಬಂತು. “ಹಸಿವಿಗೆ ನನ್ನ ಗೇಟಿನ ಹತ್ರ ಏನೈತ್ರಿ ಟೀಚರ್? ಅಡಿಗಿ ಮನಿಗೆ ಕರ್ಕೊಂಡ್ ಹೋಗ್ರಿ.”

“ಅಲ್ಲಿಗೂ ಹೋಗಿದ್ವಿ ತಾತಾ” ಅಂದ ಹುಸೇನ್ ಅನ್ನುವ ಹುಡುಗ. “ಬಿಸಿಯೂಟದ ಅಕ್ಕ ಸೌಟು ಹಿಡ್ಕೊಂಡು ಓಡ್ಸಿದ್ರು.”

ಟೀಚರ್ ಗೇಟಿನ ಕಟ್ಟೆಯ ಮೇಲೆ ಕುಳಿತು ನನಗೂ ಮಕ್ಕಳಿಗೂ ಒಟ್ಟಿಗೇ ವಿವರಿಸಿದರು. ತರಗತಿಯ ಗೋಡೆಗೆ ಜಗತ್ತಿನ ನಕ್ಷೆ ಅಂಟಿಸಿದ್ದಾರೆ. ಒಬ್ಬೊಬ್ಬರು ಒಂದೊಂದು ದೇಶ ಆರಿಸಿಕೊಂಡು ಅಲ್ಲಿನ ಜನ ಯಾಕೆ ಹಸಿದಿದ್ದಾರೆ ಅಂತ ಓದಿಕೊಂಡು ಬಂದಿದ್ದಾರೆ. ಒಂದು ಕಡೆ ಯುದ್ಧ, ಒಂದು ಕಡೆ ಬೆಲೆ, ಇನ್ನೊಂದು ಕಡೆ ಉಗ್ರಾಣದಲ್ಲಿ ಹುಳು ತಿಂದ ಧಾನ್ಯ. ಎಲ್ಲ ಕಾರಣಗಳನ್ನೂ ಬೋರ್ಡಿನ ಮೇಲೆ ಬರೆದ ಮೇಲೆ ಟೀಚರ್ ಒಂದೇ ಪ್ರಶ್ನೆ ಕೇಳಿದ್ದರಂತೆ: ಇವುಗಳಲ್ಲಿ ನೀವು ನಡೆದುಕೊಂಡು ಹೋಗಿ ಕೈಯಿಂದ ಮುಟ್ಟಬಹುದಾದ ಕಾರಣ ಯಾವುದು? ಪವಿತ್ರ ಅನ್ನುವ ಹುಡುಗಿ ಎದ್ದು ನಿಂತು ನೀರು ಅಂದಳಂತೆ.

ಪವಿತ್ರಳ ಮನೆಯವರದು ಟೇಲ್ ಎಂಡಿನಲ್ಲಿ ಹೊಲ. ನೀರು ಮುಟ್ಟದೆ ಎರಡನೇ ಬೆಳೆ ಬೀಳುಬಿಟ್ಟು, ಅವಳಪ್ಪ ಸಂಡೂರಿನ ಗಣಿಗಳಲ್ಲಿ ಅದಿರು ಲಾರಿ ಓಡಿಸಲು ಹೋಗುತ್ತಿದ್ದರು. ತೆಳ್ಳಗಿನ ಹುಡುಗಿ, ಮಾತು ಕಡಿಮೆ. ಕಾಲುವೆಯ ನೀರನ್ನು ಮಾತ್ರ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು.

ಅವರ ಯೋಜನೆ ಸರಳವಾಗಿತ್ತು. ಭತ್ತಕ್ಕೆ ಯಾವಾಗಲೂ ನೀರು ನಿಂತೇ ಇರಬೇಕಿಲ್ಲ. ಗದ್ದೆಯಲ್ಲಿ ತೂತು ಕೊರೆದ ಪೈಪಿನ ತುಂಡು ಹುಗಿದು, ಅದರೊಳಗೆ ನೀರು ಒಂದು ಗೇಣು ಕೆಳಗಿಳಿದ ಮೇಲೆ ಮತ್ತೆ ನೀರು ಕಟ್ಟಿದರೆ ಬೆಳೆಯೂ ಬರುತ್ತದೆ, ನೀರೂ ಉಳಿಯುತ್ತದೆ. ಹುಸೇನನ ಅಪ್ಪ ಒಂದು ಮಡಿಯನ್ನು ಇದಕ್ಕೆ ಬಿಟ್ಟುಕೊಟ್ಟಿದ್ದರು. ಮೇಲೆ ಉಳಿದ ನೀರು ಟೇಲ್ ಎಂಡಿಗೆ ಮುಟ್ಟುತ್ತದೆಯೇ ಅನ್ನುವುದನ್ನು ಅಳೆಯಬೇಕಿತ್ತು. ಅದಕ್ಕಾಗಿ ಕಾಲುವೆಯ ಮೆಟ್ಟಿಲುಗಳ ಪಕ್ಕದ ಗೋಡೆಗೆ ಅಲ್ಲಲ್ಲಿ ಗೇಜ್, ಅಂದರೆ ನೀರಿನ ಮಟ್ಟ ನೋಡುವ ಅಳತೆಪಟ್ಟಿ, ಬಣ್ಣದಲ್ಲಿ ಬರೆದುಕೊಳ್ಳುತ್ತೇವೆ ಅಂದರು. ನಾನು ಖುಷಿಯಿಂದ ಒಪ್ಪಿದೆ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಕೆಲಸವನ್ನು ಯಾರೂ ಕೂತು ಕೇಳಿರಲಿಲ್ಲ. ಬಣ್ಣದ ಡಬ್ಬಿ ನಾನೇ ಕೊಟ್ಟೆ.

ಮೊದಲ ವಾರಗಳಲ್ಲಿ ತಮಾಷೆಯಾಗಿಯೇ ಇತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಿದ್ದರು, ಗೇಜ್ ಓದಿ ಕೂಗುತ್ತಿದ್ದರು. ಆಮೇಲೆ ಒಂದು ದಿನ ಪವಿತ್ರ ನನ್ನ ಮುಂದೆ ಬಂದು ನಿಂತಳು.

“ತಾತಾ, ಮೊದಲ್ನೇ ಸೇತುವೆಗೆ ನೀರು ಸರಿ ಐತಿ. ಎರಡ್ನೇ ಸೇತುವೆಗೆ ಭಾಳ ಇಳೀತೈತಿ. ನಡುವ ಎಲ್ಲಿ ಹೋಗ್ತೈತಿ?”

“ಭೂಮಿ ಕುಡೀತೈತವ್ವ” ಅಂದೆ.

“ನಮ್ಮ ಕಡೆ ಭೂಮಿ ಇಷ್ಟು ಕುಡಿಯಂಗಿಲ್ಲ ತಾತಾ.”

ಮರುದಿನ ಎರಡು ಸೇತುವೆಗಳ ಮಧ್ಯೆ ಹೊಸದೊಂದು ಗೇಜ್ ಬಿತ್ತು. ಕೆಲವು ದಿನ ಕಳೆದು ಅದರ ಕೆಳಗೆ ಇನ್ನೊಂದು. ನಾನು ಕೊಟ್ಟ ಕೆಂಪು ಬಣ್ಣವೇ. ಆ ಗುರುತುಗಳು ಒಂದೊಂದೇ ಸರಿಯುತ್ತಾ ಜೊಂಡಿನ ಕಡೆಗೆ ಬರುತ್ತಿದ್ದವು. ಊಟಕ್ಕೆ ಕೂತರೆ ಅನ್ನ ಸೇರುತ್ತಿರಲಿಲ್ಲ. ನೀರು ಹರಿಯುವ ಸದ್ದು ಯಾವತ್ತೂ ನನಗೆ ಜೋಗುಳದ ಹಾಗೆ ಇತ್ತು. ಆಗ ಅದು ಯಾರೋ ಹಿಂದೆ ನಿಂತು ಉಸಿರಾಡಿದ ಹಾಗೆ ಕೇಳತೊಡಗಿತು.

ಸಾಹುಕಾರರು ಬೈಕ್ ನಿಲ್ಲಿಸಿ ಒಂದು ಮಾತು ಅಂದರು: “ಲೇ ಹನುಮಂತ, ಹುಡುಗ್ರು ಆಟ ಆಡೋಕೆ ಬೇರೆ ಜಾಗ ಇಲ್ಲೇನಲೇ?” ಅಷ್ಟೇ. ಮುಂದೆ ನಡೆದದ್ದನ್ನು ಅವರ ಮೇಲೆ ಹಾಕುವುದಿಲ್ಲ. ಅವರು ಹಾಗೆ ಮಾಡು, ಹೀಗೆ ಮಾಡು ಅಂತ ಹೇಳಲಿಲ್ಲ.

ಹೊಸಪೇಟೆಯ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ಅಧಿಕಾರಿಗಳ ಎದುರು ಇದನ್ನೆಲ್ಲ ತೋರಿಸುವವರಿದ್ದರು. ಅದಕ್ಕೆ ಮೊದಲು ಟೀಚರ್ ನನ್ನ ಹತ್ತಿರ ಬಂದು, ಶನಿವಾರ ಮಧ್ಯಾಹ್ನ ಸ್ವಲ್ಪ ಹೊತ್ತು ಗೇಟು ಇಳಿಸುತ್ತೀರಾ, ನೀರು ಕಡಿಮೆಯಾದಾಗ ಏರಿ ಎಲ್ಲಾದರೂ ಸೋರುತ್ತಿದೆಯೇ ಅಂತ ಮಕ್ಕಳು ಇಳಿದು ನೋಡುತ್ತಾರೆ ಅಂತ ಕೇಳಿದರು. ಆಗುವುದಿಲ್ಲ ಅನ್ನಬಹುದಿತ್ತು. ಮೇಲಿನವರ ಅಪ್ಪಣೆ ಬೇಕು ಅನ್ನಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಬೇಡ ಅಂದರೆ ನನ್ನ ಮೇಲೇ ಅನುಮಾನ ಬರುತ್ತದೆ ಅನ್ನಿಸಿತು.

“ಆತ್ರಿ ಟೀಚರ್. ಎಲ್ರೂ ಮ್ಯಾಲೆ ಬಂದು ನೀವು ಕೈ ಎತ್ತೋತನ ನಾನು ಗೇಟು ಮುಟ್ಟೋದಿಲ್ಲ.”

“ಮಾತು ಕೊಟ್ಟಂಗರೀ ಅಣ್ಣಾರ?”

“ಕೊಟ್ಟಂಗ.”

ಆ ಶನಿವಾರ ಗೇಟು ಇಳಿಸಿದೆ. ಕಾಲುವೆ ಬರಿದಾಗಿ ತಳದ ಕೆಸರು ಕಂಡಿತು. ಹೆಚ್ಚಿನ ಮಕ್ಕಳು ಏರಿಯ ಮೇಲೆ ನಿಂತಿದ್ದರು. ಪವಿತ್ರ ಒಬ್ಬಳೇ ಲಂಗ ಎತ್ತಿ ಕಟ್ಟಿಕೊಂಡು ಕೆಳಗಿಳಿದು, ಕೈಯಲ್ಲೊಂದು ಕೋಲು ಹಿಡಿದು ಏರಿಯ ಅಂಚನ್ನು ಚುಚ್ಚುತ್ತಾ ನಡೆದಳು. ಟೀಚರ್ ಮೆಟ್ಟಿಲ ಮೇಲಿದ್ದರು. ಹುಸೇನ್ ಏನೋ ಹೇಳಿ ಎಲ್ಲರೂ ನಕ್ಕದ್ದು ನನಗೆ ಕೇಳಿಸಿತು. ಪವಿತ್ರ ಜೊಂಡಿನ ಹತ್ತಿರ ಬಂದಳು. ನಿಂತಳು. ಕೋಲಿನಿಂದ ಜೊಂಡು ಸರಿಸಿ ಬಗ್ಗಿದಳು.

ನಾನು ಚಕ್ರ ತಿರುಗಿಸಿದೆ.

ಮೊಣಕಾಲು ನೆನೆಯುವಷ್ಟು ನೀರು ಹೋದರೆ ಸಾಕು, ಹೆದರಿ ಮೇಲೆ ಓಡುತ್ತಾಳೆ, ಮತ್ತೆ ಯಾರೂ ಇಳಿಯುವುದಿಲ್ಲ ಅಂತ ಲೆಕ್ಕ ಹಾಕಿದ್ದೆ. ಗೇಟು ಮೊದಲು ಮೇಲೇಳಲಿಲ್ಲ. ಮೇಲಿನ ಕಡೆ ಮರದ ದಿಮ್ಮಿಯೊಂದು ಬಂದು ಗೇಟಿಗೆ ಸಿಕ್ಕಿಕೊಂಡಿದ್ದು ನನಗೆ ತಿಳಿದಿರಲಿಲ್ಲ. ಇನ್ನೂ ಬಲ ಹಾಕಿದೆ. ದಿಮ್ಮಿ ಬಿಟ್ಟುಕೊಂಡಿತು, ಗೇಟು ಜಿಗಿದು ಎದ್ದಿತು. ಇಳಿಸಲು ಚಕ್ರ ಹಿಂದಕ್ಕೆ ತಿರುಗಿಸಿದೆ. ಅದು ಅಲುಗಲಿಲ್ಲ. ಕೆಸರು ಬಣ್ಣದ ನೀರು ಗೋಡೆಯ ಹಾಗೆ ಹೋಯಿತು.

ಟೀಚರ್ ಯೋಚನೆ ಮಾಡಲಿಲ್ಲ, ಹಾರಿದರು. ಪವಿತ್ರಳ ಜಡೆ ಕೈಗೆ ಸಿಕ್ಕಿತು. ಅವಳನ್ನು ಮೆಟ್ಟಿಲ ಕಡೆ ನೂಕಿದರು, ಮಕ್ಕಳು ಎಳೆದುಕೊಂಡರು. ಆದರೆ ಟೀಚರ್ ಅವರನ್ನು ನೀರು ಎಳೆದೊಯ್ದು ಸೇತುವೆಯ ಕಂಬಕ್ಕೆ ಹೊಡೆಯಿತು. ಗದ್ದೆಯಲ್ಲಿದ್ದ ಕೂಲಿಯವರು ಹಗ್ಗ ಎಸೆದು ಮೇಲೆ ಎತ್ತಿದರು. ಜೀವ ಇತ್ತು. ಬಲಗೈ ಭುಜದಿಂದ ಕೆಳಗೆ ಬೇರೆಯದೇ ದಿಕ್ಕಿಗೆ ತಿರುಗಿತ್ತು.

ವಿಚಾರಣೆಗೆ ಅಧಿಕಾರಿಗಳು ಬಂದರು. ಲಸ್ಕರ್ ಮಾತು ಕೊಟ್ಟಿದ್ದರು ಅಂತ ಟೀಚರ್ ಹೇಳಿದರು. ಮಕ್ಕಳೂ ಅದನ್ನೇ ಹೇಳಿದರು. ಮಕ್ಕಳು ಟೀಚರ್ ಕಲಿಸಿದ್ದನ್ನು ಹೇಳುತ್ತಾರೆ ಅಂತ ಅದನ್ನು ಅಲ್ಲಿಗೇ ಬಿಟ್ಟರು. ನನ್ನನ್ನು ಕೇಳಿದರು.

“ನಂಗ ಯಾರೂ ಹೇಳಿಲ್ರಿ ಸಾಹೇಬ್ರ. ಯಾರೋ ಕಾಲುವಿಗೆ ಇಳಿದಾರ ಅಂತ ನಂಗ ಕಾಣ್ಲೇ ಇಲ್ಲ.”

ಕಟ್ಟು ಹಾಕಿದ ಕೈಯಿಟ್ಟುಕೊಂಡು ಎದುರಿಗೆ ಕೂತಿದ್ದ ಟೀಚರ್ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಗೇಜಿನಲ್ಲಿ ನೀರಿನ ಮಟ್ಟ ಓದುವ ಹಾಗೆ ನೋಡಿದರು.

ಅಪ್ಪಣೆಯಿಲ್ಲದೆ ಮಕ್ಕಳನ್ನು ಅಪಾಯಕ್ಕೆ ಒಡ್ಡಿದರು ಅಂತ ಅವರನ್ನು ಸಸ್ಪೆಂಡ್ ಮಾಡಿ, ಆಮೇಲೆ ದೂರದ ಶಾಲೆಗೆ ಹಾಕಿದರು. ಹಸಿವಿನ ಸಂಶೋಧನೆ ನಿಂತಿತು, ಹುಸೇನನ ಅಪ್ಪ ಗದ್ದೆಯಿಂದ ಪೈಪಿನ ತುಂಡು ಕಿತ್ತು ಎಸೆದರು. ಪವಿತ್ರಳನ್ನು ಅವಳಪ್ಪ ಸಂಡೂರಿಗೆ ಕರೆದುಕೊಂಡು ಹೋದರು. ಅಲ್ಲಿ ಶಾಲೆಗೆ ಸೇರಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ವಿಚಾರಿಸುವ ಧೈರ್ಯ ನನಗಾಗಲಿಲ್ಲ. ಗೋಡೆಯ ಕೆಂಪು ಗುರುತುಗಳನ್ನು ಕೆರೆದು ತೆಗೆಯಲು ಮೇಲಿನಿಂದ ಹೇಳಿದರು. ನಾನೇ ಕೆರೆದೆ. ಆ ಸುಗ್ಗಿಗೆ ಎರಡು ಚೀಲ ಅಕ್ಕಿ ಬಂತು. ಹೆಂಡತಿ ಅವನ್ನೂ ಒಳಗೆ ಎಳೆದುಕೊಂಡಳು. ನನಗೆ ಬಡಿಸುವಾಗ ಮುಖ ಎತ್ತಿ ನೋಡುವುದನ್ನು ಬಿಟ್ಟಳು.

ಗೇಟಿನ ಹತ್ತಿರ ಕಳೆದ ಜೀವನ ನನಗೆ ಕಲಿಸಿದ್ದು ಇಷ್ಟು. ಕಾಲುವೆಯಲ್ಲಿ ನೀರಿತ್ತು. ಗದ್ದೆಯಲ್ಲಿ ಭತ್ತವಿತ್ತು. ಮಿಲ್ಲಿನಲ್ಲಿ ಅಕ್ಕಿ ಇತ್ತು. ಹಾಗಿದ್ದೂ ಒಂದು ಮನೆಯವರು ಊರು ಬಿಟ್ಟು ಅದಿರಿನ ಧೂಳು ಕುಡಿಯಲು ಹೋಗುತ್ತಾರೆ ಅಂದರೆ, ನಡುವೆ ಎಲ್ಲೋ ನನ್ನಂಥವನೊಬ್ಬ ಚಕ್ರದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದಾನೆ ಅಂತಲೇ ಅರ್ಥ. ಹದಿನಾಲ್ಕು ವರ್ಷದ ಮಕ್ಕಳು ಅದನ್ನು ಕೆಲವೇ ವಾರಗಳಲ್ಲಿ ಕಂಡುಹಿಡಿದರು. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಕಳೆದ ವರ್ಷ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಟೀಚರ್ ಸಿಕ್ಕರು. ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ ಅವರೇ ಬಂದರು. ಬ್ಯಾಗು ಎಡಗೈಯಲ್ಲಿತ್ತು. ಬಲಗೈ ಸೆರಗಿನೊಳಗಿತ್ತು.

“ಆರಾಮದೀರೇನ್ರಿ ಅಣ್ಣಾರ?”

“ಹೂಂ ತಾಯಿ. ನೀವು?”

“ಎಡಗೈಲೆ ಬೋರ್ಡ್ ಮ್ಯಾಲೆ ಬರಿಯೋದು ಕಲ್ತೀನ್ರಿ. ಹುಡುಗ್ರು ನಗ್ತಾರ, ಕೋಳಿ ಕೆದರಿದಂಗ ಐತಿ ಟೀಚರ್ ಅಂತಾರ.” ಅವರೂ ನಕ್ಕರು. ಬಸ್ಸು ಬಂದು ನಿಂತಿತು. ಹತ್ತುವ ಮೊದಲು ತಿರುಗಿದರು. “ಒಂದು ಮಾತು ಕೇಳ್ಲಾ? ಆವತ್ತು ಖರೇನ ನಾವು ನಿಮಗ ಕಂಡಿರಲಿಲ್ಲೇನ್ರಿ?”

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಇನ್ನೊಂದು ಸಿಗುವುದಿಲ್ಲ. ನನ್ನ ಬಾಯಿಂದ ಬಂದದ್ದು ಇದು: “ಇಲ್ಲ ತಾಯಿ. ಬಿಸಿಲು ಕಣ್ಣಿಗೆ ಹೊಡೀತಿತ್ತು.”

ಅವರು ತಲೆಯಾಡಿಸಿ ಬಸ್ಸು ಹತ್ತಿದರು.

ಬಿಸಿಲು ನನ್ನ ಬೆನ್ನಿಗಿತ್ತು. ಪವಿತ್ರಳ ಕೈಯಲ್ಲಿದ್ದ ಕೋಲು ಕೂಡ ಕಾಣಿಸುತ್ತಿತ್ತು. ನೀವು ಇನ್ನೂ ಕೈ ಎತ್ತಿರಲಿಲ್ಲ, ಯಶೋಧರಾ ಟೀಚರ್.