ಬಿರುಕೂ ಸೇರಿದ ಬೆಲೆ

ದೇವರ ದಯೆಯಿಂದ ಆ ಮನೆ ಮಾರಾಟವಾಯಿತೆಂದು ಅರಸೀಕೆರೆಯ ನಮ್ಮ ಬೀದಿಯವರೆಲ್ಲ ಹೇಳಿದರು. ಸುಳ್ಳು. ಮಾರಿದ್ದು ಪಕ್ಕದ ಮನೆಯಾಕೆಯ ಎದೆಗಾರಿಕೆ.

ಕೊಬ್ಬರಿ ಧಾರಣೆ ಬಿದ್ದು ಯಾರೂ ಮನೆ ಕೊಳ್ಳದ ಕಾಲ ಅದು. ಆಕೆಯ ಉಪ್ಪರಿಗೆ ಮನೆಯೋ ಬೀದಿಗೆಲ್ಲ ದುಬಾರಿ. ಬೆಲೆ ಇಳಿಸಿದರೆ ದುಡ್ಡು ಸಾಲದೆ, ಕಣಕಟ್ಟೆಯಲ್ಲಿ ಕೊಳ್ಳಲು ಮಾತಾಡಿಟ್ಟಿದ್ದ ತೆಂಗಿನ ತೋಟ ಕೈತಪ್ಪುತ್ತಿತ್ತು. ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು, "ನೋಡ್ಕೊಂಡೇ ತಗೊಳ್ಳಿ" ಎನ್ನುತ್ತಿದ್ದಳು. ಅವರು ಮಜ್ಜಿಗೆ ಕುಡಿದು ಹೋಗುತ್ತಿದ್ದರು.

ಕೊನೆಗೊಬ್ಬ ಜವಳಿ ವ್ಯಾಪಾರಿ ತಾಯಿಯನ್ನು ಕರೆದುಕೊಂಡು ಬಂದ. ಕಂಬ, ತೊಲೆ ಎಲ್ಲವನ್ನೂ ಮೆಚ್ಚಿದ. ಇನ್ನೇನು ಒಪ್ಪಬೇಕು, ಅಷ್ಟರಲ್ಲಿ ಪಕ್ಕದ ಮನೆಯಾಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಬಾರೇ, ಒಂದು ಕೈ ಹಿಡಿ" ಎಂದು ನನ್ನನ್ನು ಕರೆದು, ಮೂಲೆಯಲ್ಲಿದ್ದ, ರಾಗಿ ತುಂಬಿಡುವ ಮಣ್ಣಿನ ವಾಡೆಯನ್ನು ಸರಿಸಿದಳು. ಅದರ ಹಿಂದೆ ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿತ್ತು.

"ಅಂಗಾದ್ರೆ ಬೆಲೆ ಇಳ್ಸಿ ಅಮ್ಮಾ" ಎಂದ ವ್ಯಾಪಾರಿ.

"ಬಿರುಕೂ ಸೇರ್ಸೇ ಹೇಳಿರೋದು ಕಣಪ್ಪ."

ಅವನ ತಾಯಿ ನಕ್ಕುಬಿಟ್ಟಳು. "ತಗೊಳ್ಳೋ ಮಗ. ಇದನ್ನೇ ತೋರ್ಸಿದೋಳು ಇನ್ನೇನು ಮುಚ್ಚಿಟ್ಟಾಳು?"

ಹೇಳಿದ ಬೆಲೆಗೇ ಮನೆ ಹೋಯಿತು. ಆಕೆ ಏನೂ ಆಗದವಳಂತೆ ಮಜ್ಜಿಗೆ ಲೋಟ ತೊಳೆಯುತ್ತಿದ್ದಳು. ಅಂಥ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಎಮ್ಮೆ ಕೊಳ್ಳಲು ಬಂದವನಿಗೆ, "ಒದೀತೈತೆ ಕಣಪ್ಪ, ಅದನ್ನೂ ಸೇರ್ಸೇ ಬೆಲೆ" ಎಂದೆ.